ಮೂಲಮನೆ ಹುಡುಕುವವರು ಯಾವ ನಕ್ಷೆ ಹಿಡಿಯಬೇಕು, ಯಾವ ದಾರಿ ಹಿಡಿಯಬೇಕು?

ಕುಟುಂಬದ ಮೂಲ ಹುಡುಕಲು ಹೊರಟ ಕಾಸರಗೋಡಿನವರ ಕೈಯಲ್ಲಿ ಸಾಮಾನ್ಯವಾಗಿ ಮೂರು ಸಂಗತಿ ಇರುತ್ತದೆ. ಒಂದು ಮನೆ ಹೆಸರು, 'ನಮ್ಮವರು ಘಟ್ಟದ ಮೇಲಿನಿಂದ ಇಳಿದು ಬಂದವರಂತೆ' ಎಂಬ ಹಿರಿಯರ ಮಾತು, ಮತ್ತೆ ವಾಟ್ಸಾಪಿನಲ್ಲಿ ಬಂದ ಬ್ರಿಟಿಷರ ಕಾಲದ ಯಾವುದೋ ನಕ್ಷೆಯ ಫೋಟೊ. ಫೋಟೊವನ್ನು ಸದ್ಯಕ್ಕೆ ಬದಿಗಿಡಿ. ನೋಡಲು ಚಂದವೇ, ಆದರೆ ಇಡೀ ಜಿಲ್ಲೆಯನ್ನು ಅಂಗೈ ಅಗಲಕ್ಕೆ ಇಳಿಸಿದ ನಕ್ಷೆಯಲ್ಲಿ ನಿಮ್ಮ ತರವಾಡು (ಕುಟುಂಬದ ಮೂಲಮನೆ) ಕಾಣುವುದಿಲ್ಲ.

ಉಪಯೋಗಕ್ಕೆ ಬರುವಂಥವು ನಾಲ್ಕು. ವಿಲೇಜ್ ಆಫೀಸಿನ ಸರ್ವೆ ನಕ್ಷೆ ಮತ್ತು ಅದರ ಜೊತೆಗಿರುವ, ಒಂದೊಂದು ಸರ್ವೆ ನಂಬರಿನ ಅಳತೆ ಬರೆದ ಎಫ್‌ಎಂಬಿ. ಗುಡ್ಡ, ಹೊಳೆ, ದಾರಿ ತೋರಿಸುವ ಸರ್ವೆ ಆಫ್ ಇಂಡಿಯಾದ ಟೋಪೋ ಹಾಳೆ. ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುವ ಸಣ್ಣ ಅಳತೆಯ ಹಳೆಯ ನಕ್ಷೆಗಳು. ಕೊನೆಯದಾಗಿ ಹಳೆಯ ಓಡಾಟದ ದಾರಿಗಳು, ಅಂದರೆ ರೈಲು, ಬಸ್ಸು, ಕಡವು (ದೋಣಿಯಲ್ಲಿ ಹೊಳೆ ದಾಟುವ ಜಾಗ), ಘಾಟಿ, ಹಡಗು. ಎಲ್ಲಿಂದ ಶುರು ಮಾಡುವುದು ಎಂಬಲ್ಲೇ ಹೆಚ್ಚಿನವರು ಸಿಕ್ಕಿಬೀಳುತ್ತಾರೆ. ನಾಲ್ಕನ್ನೂ ಒಟ್ಟಿಗೆ ಹಿಡಿದವರು ಸ್ವಲ್ಪ ದಿನದಲ್ಲೇ ಫೈಲು ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ನಿಮ್ಮ ಪ್ರಶ್ನೆ ಯಾವುದು ಎಂಬುದೇ ಮೊದಲನೆಯದು. 'ಮನೆ ಎಲ್ಲಿತ್ತು' ಎಂಬುದಕ್ಕೂ 'ಎಲ್ಲಿಂದ ಬಂದರು' ಎಂಬುದಕ್ಕೂ ಬೇರೆ ಬೇರೆ ನಕ್ಷೆ ಬೇಕು. ಮೊದಲನೆಯದಕ್ಕೆ ಸೆಂಟ್ಸಿನ ಲೆಕ್ಕ ತೋರಿಸುವ ನಕ್ಷೆ, ಎರಡನೆಯದಕ್ಕೆ ನೂರು ಮೈಲು ಒಂದೇ ನೋಟಕ್ಕೆ ಸಿಗುವ ನಕ್ಷೆ. 'ಯಾರು' ಎಂಬುದಕ್ಕೆ ಯಾವ ನಕ್ಷೆಯೂ ಉತ್ತರ ಕೊಡುವುದಿಲ್ಲ, ಅದಕ್ಕೆ ಆಧಾರವೇ ಬೇಕು, ಅಂದರೆ ನೋಂದಾಯಿಸಿದ ಪತ್ರ. ನಕ್ಷೆಯ ಕೆಲಸ ಯಾವ ಆಧಾರ ಹುಡುಕಬೇಕು ಎಂದು ಹೇಳುವವರೆಗೆ ಮಾತ್ರ.

ಎರಡನೆಯದು ಕಾಲ. ನಮ್ಮ ಊರಿನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಗೊಂದಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು; ಹೊಸದುರ್ಗವೂ (ಕಾಞಂಗಾಡಿನ ಕಡೆ) ಆಗ ಅದೇ ತಾಲೂಕಿನ ಒಳಗೆ. ಆಮೇಲೆ ಎರಡು ತಿಂಗಳು ಮಲಬಾರ್ ಜಿಲ್ಲೆ, 1957ರ ಜನವರಿಯಿಂದ ಕಣ್ಣೂರು ಜಿಲ್ಲೆ. 1984ರ ಮೇ 24ರಿಂದ ಸ್ವಂತ ಜಿಲ್ಲೆ. ಮುಂಬಯಿಯ ಹೋಟೆಲಿನ ಹಳೆಯ ಹಾಜರಿ ಪುಸ್ತಕದಲ್ಲೋ ಶಾಲೆಯ ದಾಖಲೆಯಲ್ಲೋ 'ಸೌತ್ ಕೆನರಾ' ಎಂದಿದ್ದರೆ ಆ ಮನುಷ್ಯ ಉಡುಪಿಯವನೇ ಆಗಬೇಕೆಂದಿಲ್ಲ, ಕುಂಬಳೆಯವನೂ ಆಗಿರಬಹುದು. ಹಳೆಯ ಕಾಗದಗಳ ಕಾಲ ಗೊತ್ತುಮಾಡಲೂ ಇದೇ ಉಪಾಯ: ವಿಳಾಸದಲ್ಲಿ 'ದ.ಕ.' ಇದ್ದರೆ ಸಾಮಾನ್ಯವಾಗಿ 1956ಕ್ಕೆ ಹಿಂದಿನದು, 'ಕಣ್ಣೂರು ಜಿಲ್ಲೆ' ಇದ್ದರೆ 1957ರಿಂದ 84ರ ನಡುವಿನದು, ಪಿನ್‌ಕೋಡ್ ಇದ್ದರೆ 1972ರ ಆಗಸ್ಟಿನ ಈಚೆಯದು. ರೂಢಿಯ ಮೇಲೆ ಹಳೆಯ ಜಿಲ್ಲೆಯ ಹೆಸರನ್ನೇ ಬರೆಯುತ್ತಾ ಹೋದವರೂ ಇದ್ದಾರೆ, ಆದ್ದರಿಂದ ಅಂಚೆಯ ಮೊಹರನ್ನೂ ನೋಡಿ.

ಇನ್ನೂ ಹಿಂದಕ್ಕೆ ಹೋದರೆ ಗಡಿಯೇ ಸರಿದಾಡುತ್ತದೆ. ಅಮರ ಸುಳ್ಯದ ಮಾಗಣೆ (ಕೆಲವು ಗ್ರಾಮಗಳ ಗುಂಪು) 1834ರವರೆಗೆ ಕೊಡಗು ಅರಸರ ಕೈಯಲ್ಲಿತ್ತು; ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಅದು ಕೆನರಾ ಜಿಲ್ಲೆಗೆ ಸೇರಿತು. 'ನಮ್ಮವರು ಕೊಡಗಿನಿಂದ ಬಂದವರು' ಎನ್ನುವ ಕುಟುಂಬ ಮಡಿಕೇರಿಯಿಂದಲೇ ಇಳಿದಿರಬೇಕೆಂದಿಲ್ಲ. ಸುಳ್ಯದ ಕಡೆಯಿಂದ ಎರಡು ಹೊಳೆ ದಾಟಿ ಅಡೂರಿಗೆ ಬಂದಿದ್ದರೂ ಆ ಮಾತು ಸುಳ್ಳಾಗುವುದಿಲ್ಲ.

ಮೂರನೆಯದು ನಕ್ಷೆಯ ಅಳತೆ, ನಾಲ್ಕನೆಯದು ಹೆಸರು ಎಷ್ಟು ಖಚಿತ ಎಂಬುದು, ಐದನೆಯದು ಖರ್ಚು ಮತ್ತು ತಾಳ್ಮೆ. ತಾಳ್ಮೆಯನ್ನು ಖರ್ಚಿನ ಜೊತೆಗೇ ಲೆಕ್ಕ ಹಾಕಿ. ಸರಕಾರಿ ಕಚೇರಿಯಲ್ಲಿ ಹಣಕ್ಕಿಂತ ಹೆಚ್ಚು ಖರ್ಚಾಗುವುದು ಅದೇ.

ಸರ್ವೆ ನಕ್ಷೆ ಮತ್ತು ಎಫ್‌ಎಂಬಿ: ನಿಧಾನ, ಆದರೆ ಗಟ್ಟಿ

'ಮನೆ ಎಲ್ಲಿತ್ತು' ಎಂಬುದು ನಿಮ್ಮ ಪ್ರಶ್ನೆಯಾದರೆ ಇದಕ್ಕೆ ಸಾಟಿ ಬೇರಿಲ್ಲ. ಕುಟುಂಬದಲ್ಲಿ ಯಾರ ಹೆಸರಿನಲ್ಲಾದರೂ ಒಂದು ತುಂಡು ಜಾಗ ಉಳಿದಿದ್ದರೆ ಇಲ್ಲಿಂದಲೇ ಶುರು ಮಾಡಿ.

ಬೇಕಾದ ಮೊದಲ ಕಾಗದ ಈಚಿನ ತೀರ್ವೆ (ಭೂಕಂದಾಯ) ರಶೀದಿ. ಅದರಲ್ಲಿ ಗ್ರಾಮ, ತಂಡಪ್ಪೇರ್ ನಂಬರು (ಜಾಗದ ಒಡೆಯರ ಖಾತೆ ನಂಬರು), ಸರ್ವೆ ನಂಬರು ಇರುತ್ತದೆ. ಆ ಸರ್ವೆ ನಂಬರನ್ನು ಹಾಗೇ ಹಿಡಿದು ಅಜ್ಜನ ಕಾಲದ ಕಾಗದದಲ್ಲಿ ಹುಡುಕಿದರೆ ಸಿಗದಿರುವುದೇ ಹೆಚ್ಚು, ಏಕೆಂದರೆ ರೀಸರ್ವೆ ಆದ ಗ್ರಾಮಗಳಲ್ಲಿ ನಂಬರು ಬದಲಾಗಿದೆ, ಡಿಜಿಟಲ್ ಸರ್ವೆ ಮುಗಿದ ಕಡೆ ಮತ್ತೊಮ್ಮೆ ಬದಲಾಗಿದೆ. ಹಳೆ ನಂಬರಿಗೂ ಹೊಸ ನಂಬರಿಗೂ ತಾಳೆ ಹಾಕಿದ ಪಟ್ಟಿಗೆ ಕಚೇರಿಯಲ್ಲಿ ಕೋರಿಲೇಷನ್ ಎನ್ನುತ್ತಾರೆ. ಅದನ್ನು ಮೊದಲು ಕೇಳಿ. ಅದಾದ ಮೇಲೆ ಬೇಸಿಕ್ ಟ್ಯಾಕ್ಸ್ ರಿಜಿಸ್ಟರಿನ ನಕಲು, ಗ್ರಾಮದ ಲಿಥೋ (ಅಚ್ಚಾದ) ನಕ್ಷೆ, ನಿಮ್ಮ ನಂಬರಿನ ಎಫ್‌ಎಂಬಿ ಹಾಳೆ. ವಿಲೇಜ್ ಆಫೀಸಿನಲ್ಲಿ ಇಲ್ಲವೆಂದರೆ ತಾಲೂಕು ಕಚೇರಿಯ ಸರ್ವೆ ವಿಭಾಗ. ಅರ್ಜಿ ಕನ್ನಡದಲ್ಲೇ ಬರೆಯಿರಿ, ಕಾಸರಗೋಡು ಮತ್ತು ಮಂಜೇಶ್ವರದಲ್ಲಿ ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕಿದೆ. ಆದರೆ ಸರ್ವೆ ನಂಬರು ಮತ್ತು ಗ್ರಾಮದ ಹೆಸರನ್ನು ಮಲಯಾಳದಲ್ಲೂ ಒಂದು ಗೆರೆ ಬರೆದರೆ ಅರ್ಜಿ ಮೇಜಿನಿಂದ ಮೇಜಿಗೆ ಬೇಗ ಸಾಗುತ್ತದೆ. ಮೌನವೇ ಉತ್ತರವಾದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ, 30 ದಿನಗಳ ಗಡುವು.

ಎಫ್‌ಎಂಬಿ ಕೈಗೆ ಬಂದಾಗ ಅದನ್ನು ಓದುವುದು ಹೀಗೆ. ಹಾಳೆಯಲ್ಲಿ ಜಾಗದ ಆಕಾರ, ನಡುವೆ ಎಳೆದ ಒಂದು ಉದ್ದ ಗೆರೆ, ಆ ಗೆರೆಯಿಂದ ಅಕ್ಕಪಕ್ಕದ ಮೂಲೆಗಳಿಗೆ ಸಣ್ಣ ಗೆರೆಗಳು, ಪಕ್ಕದಲ್ಲಿ ಅಂಕಿ ಇರುತ್ತವೆ. ಹಳೆಯ ಹಾಳೆಯಾದರೆ ಆ ಅಂಕಿ ಲಿಂಕಿನ ಲೆಕ್ಕ. 66 ಅಡಿಯ ಸರಪಳಿಯಲ್ಲಿ 100 ಲಿಂಕು; ಒಂದು ಲಿಂಕೆಂದರೆ ಸುಮಾರು 20 ಸೆಂಟಿಮೀಟರ್. ಅಂಚಿನಲ್ಲಿ 250 ಎಂದು ಬರೆದಿದ್ದರೆ ಆ ಅಂಚು 50 ಮೀಟರಿಗೆ ಸ್ವಲ್ಪ ಹೆಚ್ಚು. ಹೊಸ ಹಾಳೆಗಳಲ್ಲಿ ಅಳತೆ ಮೀಟರಿನಲ್ಲೇ ಇರುತ್ತದೆ, ಎರಡನ್ನೂ ಬೆರಕೆ ಮಾಡಿದರೆ ಐದು ಪಟ್ಟು ತಪ್ಪು. ಫೋಟೊಕಾಪಿ ಮೇಲೆ ಸ್ಕೇಲಿಟ್ಟು ಅಳೆಯಬೇಡಿ, ಎ4 ಹಾಳೆಗೆ ಕುಗ್ಗಿಸಿದಾಗ ಅಳತೆ ಕೆಟ್ಟಿರುತ್ತದೆ. ಬರೆದ ಅಂಕಿಯನ್ನು ಮಾತ್ರ ನಂಬಿ. ಗ್ರಾಮ ನಕ್ಷೆಯ ಮೂಲೆಯಲ್ಲಿ '16 ಇಂಚಿಗೆ ಒಂದು ಮೈಲು' ಎಂದಿದ್ದರೆ ಮೂಲ ಹಾಳೆಯಲ್ಲಿ ಒಂದು ಇಂಚೆಂದರೆ ನೆಲದ ಮೇಲೆ 330 ಅಡಿ.

ಸರ್ವೆ ನಂಬರಿನ ಬಾಲವನ್ನು ಗಮನವಿಟ್ಟು ಓದಿ. 45/1 ಎಂಬ ಜಾಗ ಪಾಲಾದಾಗ 45/1ಎ, 45/1ಬಿ ಆಗುತ್ತದೆ. 1ಎ ಮತ್ತೆ ಪಾಲಾದರೆ 1ಎ1, 1ಎ2. ಇಂಗ್ಲಿಷ್ ಅಕ್ಷರ ಮತ್ತು ಅಂಕಿಯ ಈ ಸರಣಿಯನ್ನು ಹಿಂದುಮುಂದಾಗಿ ಬಿಡಿಸಿದರೆ ಎಷ್ಟು ಸಲ ಪಾಲು ನಡೆಯಿತು, ಯಾರ ಪಾಲಿನಿಂದ ಯಾರ ಪಾಲು ಒಡೆಯಿತು ಎಂಬುದರ ಅಂದಾಜು ಸಿಗುತ್ತದೆ. ಅಂದಾಜು ಮಾತ್ರ, ಏಕೆಂದರೆ ಮಾರಾಟಕ್ಕೂ, ರಸ್ತೆಗೆ ಜಾಗ ಬಿಟ್ಟಾಗಲೂ ನಂಬರು ಒಡೆಯುತ್ತದೆ. ಪಾಲೋ ಮಾರಾಟವೋ ಎಂದು ಖಚಿತಪಡಿಸಲು ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಆಧಾರದ ನಕಲು ತೆಗೆಸಬೇಕು. ಅದರಲ್ಲಿ 'ಪೂರ್ವಕ್ಕೆ ಇಂಥವರ ಜಾಗ, ಪಶ್ಚಿಮಕ್ಕೆ ತೋಡು' ಎಂಬ ಎಲ್ಲೆಯ ವಿವರ ನಿಮಗೆ ಚಿನ್ನ. ಎಲ್ಲೆಯಲ್ಲಿ ಬರುವ ಹೆಸರುಗಳಲ್ಲಿ ದಾಯಾದಿಗಳೇ ಹೆಚ್ಚು.

1956ಕ್ಕೆ ಹಿಂದಿನ ಆಧಾರಗಳು ಬಹುಪಾಲು ಕನ್ನಡದಲ್ಲೇ ಇವೆ, ಆದರೆ ಶಾನುಭೋಗರ ಕಾಲದ ಕೈಬರಹ ಓದುವುದು ಸುಲಭವಲ್ಲ. ಊರಿನಲ್ಲಿ ವಯಸ್ಸಾದ ಆಧಾರ ಬರಹಗಾರರು ಯಾರಾದರೂ ಇದ್ದರೆ ಮೊದಲು ಅವರ ಬಳಿ ಹೋಗಿ. ಕಾಲಗಣನೆಯನ್ನೂ ಬಿಡಿಸಿಕೊಳ್ಳಬೇಕು: ಕಂದಾಯದ ಕಾಗದದಲ್ಲಿ ಫಸಲಿ ವರ್ಷ ಇದ್ದರೆ 590 ಕೂಡಿಸಿ, ಫಸಲಿ 1344 ಎಂದರೆ 1934ರ ಜುಲೈಯಿಂದ 1935ರ ಜೂನ್. ಶಕ ವರ್ಷಕ್ಕೆ 78, ಮಲಯಾಳದ ಕೊಲ್ಲಂ ವರ್ಷಕ್ಕೆ 825 ಕೂಡಿಸಬೇಕು. ಸಂವತ್ಸರದ ಹೆಸರೊಂದೇ ಇದ್ದರೆ ಎಚ್ಚರ. ಪ್ರಭವ 1927ರಲ್ಲೂ ಬಂದಿತ್ತು, 1987ರಲ್ಲೂ ಬಂತು. ಅಜ್ಜನ ಮದುವೆ ಅಪ್ಪನ ಮದುವೆಯಾಗಿಬಿಡುವ ತಪ್ಪು ಇಲ್ಲಿಯೇ ಆಗುವುದು.

ಈ ದಾರಿಯ ದೊಡ್ಡ ಕೊರತೆ ಒಂದಿದೆ, ಅದನ್ನು ಮುಚ್ಚಿಡಬಾರದು. ಹಳೆಯ ರಿಜಿಸ್ಟರಿನಲ್ಲಿ ಹೆಸರು ಇರುವುದು ವರ್ಗದಾರರದು, ಅಂದರೆ ಪಟ್ಟೆ ಇದ್ದ ಜಾಗದ ಒಡೆಯರದು. ಗೇಣಿಗೆ ಮಾಡುತ್ತಿದ್ದವರು, ಒಕ್ಕಲಿಗೆ ಕೂತವರು, ಕೂಲಿಗೆ ಬಂದು ಗುಡಿಸಲು ಕಟ್ಟಿದವರು ಅಲ್ಲಿ ಕಾಣುವುದಿಲ್ಲ. ವರ್ಗ ಜಾಗದ ಅಂಚಿನಿಂದ 100 ಗಜದ ಒಳಗಿನ, ವರ್ಗದಾರರು ಬಳಸಬಹುದಾದ ಕುಮ್ಕಿ ಗುಡ್ಡೆಯಲ್ಲಿ ಮನೆ ಇದ್ದಿದ್ದರೆ ಅದು ಸರಕಾರಿ ಜಾಗವೆಂದೇ ದಾಖಲು. ಇಂಥ ಕುಟುಂಬಗಳಿಗೆ ಮೊದಲ ಗಟ್ಟಿ ಕಾಗದ ಸಿಗುವುದು 1970ರ ಜನವರಿ 1ರ ಆಚೆ, ಕೇರಳದ ಭೂಸುಧಾರಣೆ ಜಾರಿಗೆ ಬಂದು ಗೇಣಿದಾರರಿಗೆ ಲ್ಯಾಂಡ್ ಟ್ರಿಬ್ಯೂನಲ್ ಕ್ರಯ ಸರ್ಟಿಫಿಕೇಟು ಕೊಟ್ಟ ಮೇಲೆ. ಆ ಕಡತದಲ್ಲಿ ಗೇಣಿದಾರರ ಹೆಸರು, ಧಣಿಯ ಹೆಸರು, ಎಷ್ಟು ಕಾಲದಿಂದ ಮಾಡುತ್ತಿದ್ದರು ಎಂಬ ಹೇಳಿಕೆ ಒಟ್ಟಿಗೆ ಸಿಗಬಹುದು. ಅದರಿಂದ ಹಿಂದಕ್ಕೆ ಹೋಗಬೇಕಾದರೆ ನಿಮ್ಮ ಹೆಸರಲ್ಲ, ಧಣಿಯ ಹೆಸರು ಹಿಡಿದು ಹುಡುಕಬೇಕು.

ಅಳಿಯಸಂತಾನದ ಮನೆಗಳಲ್ಲಿ ಇನ್ನೊಂದು ತೊಡಕು. ಪಟ್ಟೆ ಇರುವುದು ಯಜಮಾನನಾದ ಮಾವನ ಹೆಸರಿನಲ್ಲಿ, ಮನೆತನ ಸಾಗುವುದು ಹೆಂಗಸರ ಕಡೆಯಿಂದ. ಅಪ್ಪನ ಅಪ್ಪನ ಹೆಸರು ಹಿಡಿದು ಹೋದರೆ ಬೇರೆಯವರ ತರವಾಡಿಗೆ ಹೋಗಿ ಮುಟ್ಟುತ್ತೀರಿ. ಅಜ್ಜಿಯ ಅಣ್ಣತಮ್ಮಂದಿರ ಹೆಸರು ಮೊದಲು ಪಟ್ಟಿ ಮಾಡಿಕೊಳ್ಳಿ.

ಮೂಲ ಜಾಗ ವಿಟ್ಲ, ಪುತ್ತೂರು, ಸುಳ್ಯದ ಕಡೆ ಇದ್ದವರಿಗೆ ಕೆಲಸ ಸ್ವಲ್ಪ ಹಗುರ. ಎರಡೂ ಕಡೆಯದ್ದು ಒಂದೇ ಮದರಾಸು ಸರ್ವೆಯ ಸಂತತಿಯಾದರೂ ಕರ್ನಾಟಕದ ಭೂದಾಖಲೆ ಇಲಾಖೆ ಗ್ರಾಮ ನಕ್ಷೆಗಳನ್ನು ವೆಬ್‌ಸೈಟಿನಲ್ಲಿ ಉಚಿತವಾಗಿ ಹಾಕಿದೆ. ಪಹಣಿಯನ್ನೂ ಮನೆಯಲ್ಲೇ ಕೂತು ನೋಡಬಹುದು.

ಟೋಪೋ ಹಾಳೆ: ಮನೆಗೂ ಜಿಲ್ಲೆಗೂ ನಡುವಿನದ್ದು

ಸರ್ವೆ ನಂಬರು ಗೊತ್ತಿಲ್ಲ, ಜಾಗ ಯಾವಾಗಲೋ ಕೈಬಿಟ್ಟಿದೆ, ಊರಿನ ಹೆಸರು ಮಾತ್ರ ಗೊತ್ತು ಎಂಬವರಿಗೆ ಇದು ಸರಿ. ಹಳೆಯದು ಒಂದು ಇಂಚಿಗೆ ಒಂದು ಮೈಲಿನ ಹಾಳೆ, ಈಚಿನದು 1:50,000, ಅಂದರೆ 2 ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಎರಡಕ್ಕೂ ಹಾಳೆಯ ಹಳೆಯ ನಂಬರು ಒಂದೇ (ಜಾಲತಾಣದ ಓಪನ್ ಸೀರೀಸ್ ಹಾಳೆಗಳಿಗೆ ಮಾತ್ರ ಬೇರೆ ನಂಬರು), ಆದ್ದರಿಂದ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಡುವುದು ಸುಲಭ. ಮಂಜೇಶ್ವರ, ಉಪ್ಪಳ, ಕುಂಬಳೆ 48ಎಲ್/14ರಲ್ಲಿ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಭಾಗ 48ಪಿ/2ರಲ್ಲಿ. ಬೇಕಲ, ಕಾಞಂಗಾಡು 48ಪಿ/3. ಸುಳ್ಯಕ್ಕೆ 48ಪಿ/6. ಕಾಸರಗೋಡು ಪೇಟೆಯವರ ಹಣೆಬರಹ ಬೇರೆ: ಪೇಟೆ ಕೂತಿರುವುದು 12 ಡಿಗ್ರಿ 30 ಮಿನಿಟು ಅಕ್ಷಾಂಶ ಮತ್ತು 75 ಡಿಗ್ರಿ ರೇಖಾಂಶ ಸೇರುವಲ್ಲಿ. ಒಂದು ಪೇಟೆಗೆ ನಾಲ್ಕು ಹಾಳೆ ಬೇಕು, ತಳಂಗರೆ ಒಂದರಲ್ಲಿ, ವಿದ್ಯಾನಗರ ಇನ್ನೊಂದರಲ್ಲಿ ಎಂಬಂತಾಗುತ್ತದೆ. ಇದು ಗೊತ್ತಿಲ್ಲದೆ ಒಂದೇ ಹಾಳೆ ತರಿಸಿದವರಿಗೆ ಅರ್ಧ ಊರೂ ಅರ್ಧ ಸಮುದ್ರವೂ ಸಿಗುತ್ತದೆ.

ಖರ್ಚು ಕಡಿಮೆ. ಈಚಿನ ಹಾಳೆಗಳನ್ನು ಸರ್ವೆ ಆಫ್ ಇಂಡಿಯಾದ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಸ್ವಾತಂತ್ರ್ಯಪೂರ್ವದ ಒಂದು ಇಂಚಿನ ಹಾಳೆಗಳಿಗೆ ಗ್ರಂಥಾಲಯ, ಪತ್ರಾಗಾರಗಳನ್ನು ನೋಡಬೇಕು. ಮದರಾಸು ಪ್ರಾಂತ್ಯದ ದಾಖಲೆಗಳ ದೊಡ್ಡ ಭಂಡಾರ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ. ದಕ್ಷಿಣ ಕನ್ನಡದ ಹಳೆಯ ಕಡತಗಳೂ ಅಲ್ಲಿವೆ.

ಹಾಳೆ ಕೈಗೆ ಬಂದೊಡನೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿರುವ ಸರ್ವೆ ವರ್ಷ ಓದಿ. ಅಚ್ಚಾದ ವರ್ಷ ಬೇರೆ, ಅಳೆದ ವರ್ಷ ಬೇರೆ. ನಡುವೆ ಎಷ್ಟೋ ವರ್ಷದ ಅಂತರ ಇರುವುದುಂಟು. ರಸ್ತೆಯನ್ನು ಮಾತ್ರ ತಿದ್ದಿ ಮನೆಗಳನ್ನು ಹಾಗೇ ಬಿಟ್ಟ ಮರುಮುದ್ರಣಗಳೂ ಇವೆ. ಆಮೇಲೆ ಗಾಡಿದಾರಿ, ಕಾಲುದಾರಿ, ಕಡವು, ದೇವಸ್ಥಾನ, ಮಸೀದಿ, ಇಗರ್ಜಿ, ಅಂಚೆಕಚೇರಿಯ ಗುರುತುಗಳನ್ನು ಬಣ್ಣದ ಪೆನ್ಸಿಲಿನಲ್ಲಿ ಬೇರೆ ಮಾಡಿ. ನಮ್ಮಲ್ಲಿ ಮನೆಗಳು ಒತ್ತೊತ್ತಾಗಿಲ್ಲ, ತೋಟಕ್ಕೊಂದು ಮನೆ. ಹಾಳೆಯಲ್ಲಿ ಅವು ಕಪ್ಪು ಚುಕ್ಕಿಗಳಾಗಿ ಹರಡಿರುತ್ತವೆ, ಹೆಚ್ಚಿನವಕ್ಕೆ ಹೆಸರಿಲ್ಲ. ಬೈಲಿನ ಅಂಚು, ತೋಡಿನ ತಿರುವು, ಗುಡ್ಡೆಯ ಎತ್ತರ ತೋರಿಸುವ ಕಾಂಟೂರ್ ಗೆರೆ ನೋಡಿ ನಿಮ್ಮ ಚುಕ್ಕಿ ಯಾವುದೆಂದು ಗೊತ್ತುಮಾಡಬೇಕು.

ಹೆಸರಿನ ವಿಷಯದಲ್ಲಿ ಎರಡು ಬಲೆಗಳಿವೆ. ಸರ್ವೆಯವರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದದ್ದರಿಂದ ಒಂದೇ ಊರು ಹಳೆಯ ಹಾಳೆಗಳಲ್ಲಿ ನಾಲ್ಕು ರೀತಿ ಇರಬಹುದು; ಹುಡುಕುವಾಗ ವ್ಯಂಜನಗಳನ್ನು ನಂಬಿ, ಸ್ವರಗಳನ್ನು ನಂಬಬೇಡಿ. ಎರಡನೆಯ ಬಲೆ ಇದಕ್ಕಿಂತ ಕೆಟ್ಟದ್ದು: ಅಡ್ಕ, ಪದವು, ಮೂಲೆ, ಕಾನ, ಬೈಲು ಎಂದು ಕೊನೆಯಾಗುವ ಮನೆ ಹೆಸರುಗಳು ಗ್ರಾಮ ಗ್ರಾಮಕ್ಕೂ ಇವೆ. ಒಂದೇ ಹೆಸರಿನ ಮೂರು ಜಾಗ ಸಿಕ್ಕರೆ, ಕುಟುಂಬ ಕಾಣಿಕೆ ಹಾಕುವ ದೇವಸ್ಥಾನಕ್ಕೆ ಮತ್ತು ನಾಗಬನಕ್ಕೆ ಯಾವುದು ಹತ್ತಿರವೋ ಅದನ್ನು ಮೊದಲು ಪರೀಕ್ಷಿಸಿ. ಕುಂಬಳೆ ಸೀಮೆಯವರಿಗೆ 'ಅಡೂರು ಮಧೂರು ಕಾವು ಕಣ್ಯಾರ' ಬಾಯಿಪಾಠ. ಈ ನಾಲ್ಕು ದೇವಸ್ಥಾನಗಳಲ್ಲಿ ನಿಮ್ಮ ಹಿರಿಯರು ನಡೆದುಕೊಳ್ಳುತ್ತಿದ್ದುದು ಯಾವುದಕ್ಕೆ ಎಂಬುದೊಂದೇ ಹುಡುಕಾಟವನ್ನು ಕಾಲುಭಾಗಕ್ಕೆ ಇಳಿಸುತ್ತದೆ.

ಹಳೆಯ ಹಾಳೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸಬೇಕೆಂದರೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಹಾಳೆಯ ನಾಲ್ಕು ಮೂಲೆಗಳಲ್ಲಿ ಅಕ್ಷಾಂಶ ರೇಖಾಂಶ ಅಚ್ಚಾಗಿರುತ್ತದೆ, ಅವನ್ನೇ ಕೊಟ್ಟು ಕೂರಿಸಬಹುದು. ಆದರೆ ಹಳೆಯ ಹಾಳೆಗಳ ಅಕ್ಷಾಂಶ ರೇಖಾಂಶದ ಲೆಕ್ಕ ಎವರೆಸ್ಟ್ ಎಂಬ ಹಳೆಯ ಮಾನದ್ದು, ಮೊಬೈಲಿನದು ಬೇರೆ. ಅದನ್ನು ಸರಿಪಡಿಸದೆ ಕೂರಿಸಿದರೆ ಎಲ್ಲವೂ ನೂರು ಇನ್ನೂರು ಮೀಟರ್ ಪಕ್ಕಕ್ಕೆ ಸರಿದು, ಅಜ್ಜನ ಮನೆ ನೆರೆಯವರ ತೋಟದಲ್ಲಿ ಕಾಣುತ್ತದೆ. ತಂತ್ರಾಂಶದಲ್ಲಿ ಕಾಲಿಯಾನ್‌ಪುರ್ ಮಾನವನ್ನು ಆರಿಸಿ, ಅಥವಾ ಅದರ ಗೋಜೇ ಬೇಡವೆಂದರೆ ಇಂದಿಗೂ ಇದ್ದಲ್ಲೇ ಇರುವ ಆರೆಂಟು ಗುರುತುಗಳನ್ನು ಎರಡರಲ್ಲೂ ಒತ್ತಿ ಕೂರಿಸಿ: ರೈಲ್ವೆ ಸೇತುವೆ, ದೇವಸ್ಥಾನದ ಕೆರೆ, ಕೋಟೆಯ ಮೂಲೆ, ಎರಡು ಹೊಳೆ ಕೂಡುವ ಜಾಗ. ಅಳಿವೆಬಾಯಿಯನ್ನು ಮಾತ್ರ ಗುರುತಾಗಿ ಹಿಡಿಯಬೇಡಿ. ಮರಳ ದಿಣ್ಣೆ ಸರಿದಂತೆ ಅದು ತನ್ನ ಜಾಗ ಬದಲಿಸುತ್ತಲೇ ಇರುತ್ತದೆ.

ಉಚಿತ ಸಣ್ಣ ನಕ್ಷೆಗಳು

ಅಮೆರಿಕದ ಸೈನ್ಯ 1950ರ ದಶಕದಲ್ಲಿ ಭಾರತಕ್ಕೆ ಮಾಡಿದ 1:250,000 ಅಳತೆಯ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಕಾಸಿಲ್ಲದೆ ಸಿಗುತ್ತವೆ. ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್. ಮನೆ ಕಾಣುವುದಿಲ್ಲ, ಸಣ್ಣ ಊರು ಕಂಡರೆ ಪುಣ್ಯ. ಆದರೆ ಕಾಸರಗೋಡಿನಿಂದ ಮಡಿಕೇರಿಯವರೆಗಿನ ದಾರಿ, ಹೊಳೆ, ಘಾಟಿಗಳನ್ನು ಒಟ್ಟಿಗೆ ನೋಡಲು ಒಳ್ಳೆಯದು. ಊರು ಬಿಟ್ಟು ದೂರದಲ್ಲಿರುವವರು, ಒಂದು ಸಂಜೆ ಬಿಡುವಿರುವವರು ಇದರಿಂದ ಶುರು ಮಾಡಿದರೆ ನಷ್ಟವಿಲ್ಲ. ಇಲ್ಲೇ ನಿಂತರೆ ನಷ್ಟ.

ಓಡಾಟದ ದಾರಿಗಳು: 'ಎಲ್ಲಿಂದ ಬಂದರು' ಎಂಬವರಿಗೆ

ಹಳೆಯ ದಾರಿ ಸಾಕ್ಷಿಯಲ್ಲ, ಸುಳಿವು. ಆದರೆ ಮನೆ ಗೊತ್ತಿದ್ದು ಮೂಲ ಗೊತ್ತಿಲ್ಲದವರಿಗೆ ಬೇರೆ ಯಾವ ನಕ್ಷೆಯೂ ಇಷ್ಟು ದೂರ ಕರೆದೊಯ್ಯುವುದಿಲ್ಲ.

ಇಲ್ಲಿ ಒಂದು ವರ್ಷ ನೆನಪಿನಲ್ಲಿಡಿ: 1907. ಆ ವರ್ಷ ತೆಂಕಣದಿಂದ ಬಂದ ರೈಲು ಕಾಸರಗೋಡನ್ನು ದಾಟಿ ಮಂಗಳೂರು ಮುಟ್ಟಿತು. ಅದಕ್ಕೆ ಮೊದಲು ಊರು ಬಿಟ್ಟವರು ಹೋದದ್ದು ನಡೆದು, ಗಾಡಿಯಲ್ಲಿ ಅಥವಾ ಮಂಜಿ, ಪತ್ತೆಮಾರಿ ಎಂಬ ಹಾಯಿ ಹಡಗುಗಳಲ್ಲಿ. 1907ರ ಮೇಲೆ ಮದರಾಸು, ಕೊಯಮತ್ತೂರು, ಕಲ್ಲಿಕೋಟೆಯ ಕಡೆಗೆ ಹೋದವರಿಗೆ ರೈಲಿತ್ತು. ಆದರೆ ಮುಂಬಯಿಗೆ? ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅಲ್ಲಿಯವರೆಗೆ ಕಾಸರಗೋಡಿನಿಂದ ರೈಲಿನಲ್ಲೇ ಮುಂಬಯಿಗೆ ಹೋಗಬೇಕಾದರೆ ಶೋರನೂರು, ಪೋದನೂರು, ಜೋಲಾರಪೇಟೆ, ಅರಕ್ಕೋಣಂ ಎಂದು ದಕ್ಷಿಣವನ್ನೆಲ್ಲ ಸುತ್ತಿ ಗುಂತಕಲ್ಲು, ರಾಯಚೂರಿನ ಮೇಲೆ ಹೋಗಬೇಕಿತ್ತು. ಇಲ್ಲವಾದರೆ ಮಂಗಳೂರಿನಿಂದ ಹಡಗು, ಅದೂ ಮಳೆಗಾಲದಲ್ಲಿ ಬಂದರು ಮುಚ್ಚುವವರೆಗೆ. ಅಥವಾ ಘಟ್ಟ ಹತ್ತಿ ಮೈಸೂರು ಸೀಮೆಯ ರೈಲು. ಆದ್ದರಿಂದ '1930ರ ಆಷಾಢದಲ್ಲಿ ಹಡಗಿನಲ್ಲಿ ಮುಂಬಯಿಗೆ ಹೋದರು' ಎಂಬ ಮನೆಯ ಕಥೆಯಲ್ಲಿ ತಿಂಗಳಾದರೂ ತಪ್ಪು, ಹಡಗಾದರೂ ತಪ್ಪು. ಮಂಗಳೂರಿನಿಂದ ಹಾಸನಕ್ಕೆ ರೈಲು ಬಂದದ್ದು 1979ರಲ್ಲಿ. ಅದಕ್ಕೆ ಮೊದಲು ಬೆಂಗಳೂರಿಗೆ 'ನೇರ ರೈಲಿನಲ್ಲಿ ಘಟ್ಟ ಹತ್ತಿದ' ಅಜ್ಜಂದಿರನ್ನೂ ಹೀಗೆಯೇ ಪರೀಕ್ಷಿಸಬಹುದು. ಸಿಲೋನಿಗೆ ಹೋದವರಿದ್ದರೆ 1914ರ ಮೇಲೆ ಪಾಂಬನ್ ಸೇತುವೆ ದಾಟಿ ಧನುಷ್ಕೋಡಿ, ಅಲ್ಲಿಂದ ತಲೈಮನ್ನಾರಿಗೆ ದೋಣಿ. 1964ರ ಡಿಸೆಂಬರಿನ ಚಂಡಮಾರುತಕ್ಕೆ ಆ ದಾರಿ ಮುಗಿಯಿತು.

ಒಳನಾಡಿನ ಓಡಾಟಕ್ಕೆ ಘಾಟಿಗಳನ್ನು ನೋಡಿ. ಚೆರ್ಕಳ, ಮುಳ್ಳೇರಿಯ, ಅಡೂರಿನ ಮೇಲೆ ಜಾಲ್ಸೂರು, ಸುಳ್ಯ, ಅಲ್ಲಿಂದ ಸಂಪಾಜೆ ಹತ್ತಿ ಮಡಿಕೇರಿ. ಕಾಞಂಗಾಡಿನವರಿಗೆ ಪಾಣತ್ತೂರಿನ ದಾರಿ. ಪೆರ್ಲ, ಅಡ್ಕಸ್ಥಳದ ಮೇಲೆ ವಿಟ್ಲ, ಬಂಟ್ವಾಳ. ಕಾಫಿ ತೋಟಕ್ಕೆ ಹೋದವರು, ಅಡಿಕೆ, ಉಪ್ಪು, ಒಣಮೀನು ಹೊತ್ತವರು, ಹೆಣ್ಣು ಕೊಟ್ಟು ತಂದವರು ಎಲ್ಲರೂ ಇಂಥ ದಾರಿಗಳ ಗುಂಟ. ಮನುಷ್ಯ ಗಂಟೆಗೆ ಮೂರು ಮೈಲು ನಡೆದಾನು, ಎತ್ತಿನಗಾಡಿ ಎರಡು ಮೈಲು. ಮನೆಯಿಂದ ಹನ್ನೆರಡು ಹದಿನೈದು ಮೈಲಿನ ವೃತ್ತ ಎಳೆದರೆ ಒಂದು ಹಗಲಿನ ನಡಿಗೆ ಅದರೊಳಗೆ ಬರುತ್ತದೆ. ಬಸ್ಸು ಬರುವ ಮೊದಲಿನ ಮದುವೆ ಸಂಬಂಧಗಳನ್ನು ಮೊದಲು ಆ ವೃತ್ತದೊಳಗೆ ಹುಡುಕಿ, ಸಿಗದಿದ್ದರೆ ಮಾತ್ರ ಹೊರಗೆ. ವೃತ್ತವನ್ನು ಕಂಪಾಸಿನಿಂದ ದುಂಡಗೆ ಎಳೆದು ಬಿಡಬೇಡಿ, ಹೊಳೆ ಅಡ್ಡ ಬಂದಲ್ಲಿ ಕಡವು ಇರುವ ಜಾಗಕ್ಕೆ ಬಾಗಿಸಿ. ಚಂದ್ರಗಿರಿ ಹೊಳೆಯ ಆಚೆ ದಡದ ಮನೆ ಕಣ್ಣಿಗೆ ಕಂಡರೂ ಮಳೆಗಾಲದಲ್ಲಿ ಅದು ಬೇರೆಯೇ ಊರು. ಟೋಪೋ ಹಾಳೆಯಲ್ಲಿ ದೊಡ್ಡ ಕಡವುಗಳು ಮಾತ್ರ ಇರುತ್ತವೆ. ಮನೆಯವರೇ ದೋಣಿ ಇಟ್ಟುಕೊಂಡಿದ್ದ ಸಣ್ಣ ಕಡವುಗಳನ್ನು ಹೊಳೆಬದಿಯ ಹಿರಿಯರನ್ನು ಕೇಳಿಯೇ ತುಂಬಿಸಬೇಕು.

ಬಸ್ಸಿನ ಕಾಲಕ್ಕೆ ಬಂದರೆ, ಸಿಪಿಸಿ, ಹನುಮಾನ್, ಶಂಕರ ವಿಠಲದಂಥ ಹಳೆಯ ಕಂಪನಿಗಳ ಹೆಸರು ಹಿರಿಯರ ಬಾಯಲ್ಲಿ ಇನ್ನೂ ಇದೆ. 'ಊರು ಯಾವುದು' ಎಂದು ಕೇಳಿದರೆ ಮರೆತಿರುವ ಅಜ್ಜಿ 'ಯಾವ ಬಸ್ಸಿನಲ್ಲಿ ಹೋಗುತ್ತಿದ್ದಿರಿ, ಎಲ್ಲಿ ಇಳಿದು ಎಷ್ಟು ದೂರ ನಡೆಯುತ್ತಿದ್ದಿರಿ, ಹೊಳೆ ದಾಟುತ್ತಿದ್ದಿರಾ' ಎಂದರೆ ಹೇಳುತ್ತಾರೆ. ಇಳಿದ ಕಟ್ಟೆ ಗೊತ್ತಾದರೆ ಟೋಪೋ ಹಾಳೆಯಲ್ಲಿ ಅಲ್ಲಿಂದ ಹೊರಡುವ ಕಾಲುದಾರಿಗಳು ಬೆರಳೆಣಿಕೆಯವು. ರೈಲಿನ ಮಟ್ಟಿಗೆ ಹಳೆಯ ವೇಳಾಪಟ್ಟಿಯಲ್ಲಿ ಆ ಸ್ಟೇಷನ್ನು ಇದೆಯೇ ಎಂದು ನೋಡಿ. ಇಂದಿನ ಹಾಲ್ಟುಗಳನ್ನು ನೂರು ವರ್ಷ ಹಿಂದಕ್ಕೆ ಒಯ್ಯಬೇಡಿ.

ದಾರಿ ಹಿಡಿದು ಹುಡುಕುವವರು ಮಾಡುವ ಸಾಮಾನ್ಯ ತಪ್ಪೆಂದರೆ ಇಂದಿನ ಹೆದ್ದಾರಿಯನ್ನೇ ಹಳೆಯ ದಾರಿ ಎಂದುಕೊಳ್ಳುವುದು. ಕರಾವಳಿಯ ಹೆದ್ದಾರಿ ಒಂದೇ ಓಟದಲ್ಲಿ ಸಾಗುವುದು ಹೊಳೆಗಳಿಗೆ ಸೇತುವೆ ಬಿದ್ದ ಮೇಲೆ. ಹಳೆಯ ಸಂಕಗಳ (ಸೇತುವೆಗಳ) ಕಲ್ಲಿನಲ್ಲಿ ಕಟ್ಟಿದ ವರ್ಷ ಕೆತ್ತಿದ್ದರೆ ಬರೆದುಕೊಳ್ಳಿ. ಆ ವರ್ಷಕ್ಕೆ ಹಿಂದಿನ ಪ್ರಯಾಣ ಆ ಜಾಗದಲ್ಲಿ ಆಗಿದ್ದರೆ ದೋಣಿಯಲ್ಲೇ ಆಗಿರಬೇಕು.

ಹಾಗಾದರೆ ಯಾರಿಗೆ ಯಾವುದು

ತೀರ್ವೆ ರಶೀದಿಯೋ ಹಳೆಯ ಆಧಾರವೋ ಮನೆಯಲ್ಲಿ ಇದ್ದವರು ಬೇರೆ ಯೋಚನೆ ಮಾಡದೆ ಸರ್ವೆ ನಕ್ಷೆಗೆ ಹೋಗಿ. ಸಮಯ ಹಿಡಿಯುತ್ತದೆ, ಆದರೆ ಸಿಕ್ಕಿದ್ದು ಕೈಬಿಡುವುದಿಲ್ಲ. ಹಣಕ್ಕೆ ಮಿತಿ ಇದ್ದರೆ ಎಲ್ಲ ಆಧಾರಗಳ ನಕಲು ತೆಗೆಸಬೇಡಿ. ಪಾಲುಪಟ್ಟಿ ಆಧಾರ ಒಂದನ್ನು ತೆಗೆಸಿ, ಅದರಲ್ಲಿ ಹಿಂದಿನ ಆಧಾರದ ನಂಬರು ಮತ್ತು ವರ್ಷ ಇರುತ್ತದೆ, ಅದನ್ನು ನೋಡಿ ಮುಂದಿನದು.

ಹೊರನಾಡಿನಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವವರಿಗೆ ಟೋಪೋ ಹಾಳೆ ಮತ್ತು ಉಪಗ್ರಹ ಚಿತ್ರದ ಜೋಡಿ ಹೆಚ್ಚು ಲಾಭ. ಮನೆಯಲ್ಲೇ ಕೂತು ಮೂರು ನಾಲ್ಕು ಸಾಧ್ಯತೆಯ ಜಾಗಗಳಿಗೆ ಇಳಿಸಿಕೊಂಡು, ರಜೆಯಲ್ಲಿ ಬಂದಾಗ ಅವನ್ನು ಮಾತ್ರ ನೋಡಬಹುದು. ಕಚೇರಿಯ ಕೆಲಸವನ್ನು ಊರಿನಲ್ಲಿರುವ ದಾಯಾದಿಗಳಿಗೆ ವಹಿಸುವುದಾದರೆ, ಇದು ಆಸ್ತಿ ಕೇಳುವ ಹುನ್ನಾರವಲ್ಲವೆಂದು ಮೊದಲೇ ಬಾಯಿಬಿಟ್ಟು ಹೇಳಿ. ಹಳೆಯ ಸರ್ವೆ ನಂಬರು ಕೇಳಿದರೆ ಸಂಶಯ ಬರದ ಮನೆ ಕಡಿಮೆ.

ಜಾಗವೇ ಇಲ್ಲದ, ಗೇಣಿಗೆ ಅಥವಾ ಕೂಲಿಗೆ ಇದ್ದ ಕುಟುಂಬದವರು ಮೊದಲು ಓಡಾಟದ ದಾರಿಯನ್ನೂ ಧಣಿಯ ಹೆಸರನ್ನೂ ಹಿಡಿಯಿರಿ, ಆಮೇಲೆ ಟ್ರಿಬ್ಯೂನಲ್ ಕಡತ, ಕೊನೆಗೆ ಸರ್ವೆ ನಕ್ಷೆ. ವರ್ಗದಾರರಿಗೆ ಹೇಳಿದ ಕ್ರಮ ಇವರಿಗೆ ಪೂರಾ ತಿರುಗುಮುರುಗು. ದೈವಸ್ಥಾನದಲ್ಲಿ, ಭೂತದ ನೇಮದಲ್ಲಿ ಕುಟುಂಬಕ್ಕೆ ಏನಾದರೂ ಪಾಲಿನ ಚಾಕರಿ ಇದ್ದರೆ ಅದು ಯಾವ ಗುತ್ತು (ಊರಿನ ಹಿರಿಯ ಮನೆತನ), ಯಾವ ಗ್ರಾಮದ್ದು ಎಂದು ನಕ್ಷೆಯಲ್ಲಿ ಗುರುತು ಮಾಡಿ. ಕಾಗದದಲ್ಲಿ ಹೆಸರಿಲ್ಲದ ಎಷ್ಟೋ ಮನೆಗಳಿಗೆ ನಕ್ಷೆಯ ಮೇಲೆ ಇಡಬಹುದಾದ ಮೊದಲ ಚುಕ್ಕಿ ಅದೇ.

ಜಾಗಕ್ಕೇ ಹೋಗಿ ನೋಡುವುದಾದರೆ ಜನವರಿಯಿಂದ ಮಾರ್ಚಿಯೊಳಗೆ ಹೋಗಿ. ಕೊಯ್ಲು ಮುಗಿದು ಬೈಲು ಒಣಗಿರುತ್ತದೆ, ಪೊದೆ ತಗ್ಗಿರುತ್ತದೆ, ಹಳೆಯ ಪಂಚಾಂಗದ (ಮನೆಯ ಅಡಿಪಾಯದ) ಕಲ್ಲು, ಬಾವಿಕಟ್ಟೆ, ಅಗಳು (ಜಾಗದ ಸುತ್ತಲಿನ ಕಂದಕ) ಕಣ್ಣಿಗೆ ಬೀಳುತ್ತವೆ. ಎಫ್‌ಎಂಬಿಯ ನಕಲು, ಐವತ್ತು ಮೀಟರಿನ ಟೇಪು, ಜಿಪಿಎಸ್ ಇರುವ ಮೊಬೈಲು ಸಾಕು. ಸರ್ವೆ ಕಲ್ಲು ಸಿಕ್ಕರೆ ಅದರಿಂದ ಮುಂದಿನ ಕಲ್ಲಿಗೆ ಅಳೆದು ಹಾಳೆಯ ಅಂಕಿಗೆ ತಾಳೆ ನೋಡಿ. ಎರಡು ಅಂಚು ಹೊಂದಿದರೆ ಜಾಗ ಅದೇ, ಒಂದೇ ಹೊಂದಿದರೆ ಪಕ್ಕದ ನಂಬರನ್ನೂ ನೋಡಿ. ಕಲ್ಲನ್ನು ಮುಟ್ಟಬೇಡಿ, ಅಲುಗಿಸಬೇಡಿ. ಈಗ ಆ ಜಾಗ ಯಾರ ಕೈಯಲ್ಲಿದೆಯೋ ಅವರ ಮನೆಯಂಗಳಕ್ಕೆ ಮೊದಲು ಹೋಗಿ ಹೇಳಿ, ಆಮೇಲೆ ಟೇಪು ಬಿಚ್ಚಿ.